ಅಟ್ಟದ ಮೇಲಿನ ಹಾರ್ಡ್‌ಡಿಸ್ಕನ್ನು ಹೊಸ ಲ್ಯಾಪ್‌ಟಾಪಿಗೆ ಜೋಡಿಸುವುದು ಹೇಗೆ?

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿತು. ವಿಂಡೋಸ್ 11 ಹಾಕಿಸೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಯಂತ್ರದಲ್ಲಿ ಇರಬೇಕು. ಇಂಟೆಲ್ ಪ್ರೊಸೆಸರ್ ಆಗಿದ್ದರೆ, ಒಂದೆರಡು ಅಪವಾದ ಬಿಟ್ಟು, ಅದು ಎಂಟನೆಯ ತಲೆಮಾರಿನದೋ ಅದಕ್ಕೂ ಈಚಿನದೋ ಆಗಿರಬೇಕು. ಮೈಸೂರಿನ ಫೋಟೊ ಸ್ಟುಡಿಯೊಗಳಲ್ಲಿ, ಮಂಡ್ಯ ಜಿಲ್ಲೆಯ ತಾಲ್ಲೂಕು ಕಚೇರಿಗಳ ಎದುರಿನ ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿಗಳಲ್ಲಿ, ಮಕ್ಕಳ ಓದಿಗೆಂದು ಒಂದು ಕಾಲದಲ್ಲಿ ಕಂಪ್ಯೂಟರ್ ಕೊಂಡು ತಂದಿದ್ದ ಮನೆಗಳ ಮೂಲೆಗಳಲ್ಲಿ ಹತ್ತು ಹದಿನೈದು ವರ್ಷ ದುಡಿದ ಡೆಸ್ಕ್‌ಟಾಪುಗಳಿಗೆ ಈ ಅರ್ಹತೆ ಇಲ್ಲ. ಅವು ಗುಜರಿಗೆ ಹೋಗುವ ಮೊದಲು ರಿಪೇರಿಯವರು ನಾಲ್ಕು ಸ್ಕ್ರೂ ಬಿಚ್ಚಿ, ಒಳಗಿನ ಹಾರ್ಡ್‌ಡಿಸ್ಕನ್ನು ತೆಗೆದು, “ನಿಮ್ಮ ಡೇಟಾ ಎಲ್ಲಾ ಇದರಲ್ಲೇ ಇದೆ ಸಾರ್, ಇಟ್ಕೊಳ್ಳಿ” ಎಂದು ಕೈಗಿಡುತ್ತಾರೆ.

ಕೈಗೆ ಬಂದ ಆ ಲೋಹದ ಡಬ್ಬಿಯನ್ನು ಹೊಸ ಲ್ಯಾಪ್‌ಟಾಪಿಗೆ ಹೇಗೆ ಜೋಡಿಸುವುದೆಂಬುದು ಮಾತ್ರ ಗೊತ್ತಾಗುವುದಿಲ್ಲ, ಏಕೆಂದರೆ ಅದಕ್ಕೆ ಹೊಂದುವ ಬಾಯಿಯೇ ಲ್ಯಾಪ್‌ಟಾಪಿನ ಹೊರಮೈಯಲ್ಲಿ ಇರುವುದಿಲ್ಲ. ಈ ಕೊರತೆಯನ್ನು ತುಂಬುವ ಉಪಕರಣಕ್ಕೆ ಡಾಕಿಂಗ್ ಸ್ಟೇಷನ್ ಅಥವಾ ಚಿಕ್ಕದಾಗಿ ಡಾಕ್ ಎನ್ನುತ್ತಾರೆ. ಡಾಕ್ ಕೊಳ್ಳುವುದೂ ಜೋಡಿಸುವುದೂ ಕಷ್ಟದ ಕೆಲಸವಲ್ಲ. ಜೋಡಿಸಿದ ಮೇಲೆ ಪರದೆಯ ಮೇಲೆ ಬರುವ ಒಂದು ಪ್ರಶ್ನೆಗೆ ಅವಸರದಲ್ಲಿ ಉತ್ತರ ಕೊಡುವುದರಿಂದಲೇ ಹೆಚ್ಚಿನ ಫೈಲುಗಳು ಹಾಳಾಗುವುದು. ಆದ್ದರಿಂದ ಈ ಲೇಖನದಲ್ಲಿ ತಂತಿ ಮತ್ತು ಪಿನ್ನುಗಳಿಗಿಂತ ಆ ಘಟ್ಟಕ್ಕೆ ಹೆಚ್ಚು ಜಾಗ ಕೊಡಲಾಗಿದೆ.

ಡಬ್ಬಿಯ ಒಳಗೆ ಏನಿದೆ

ಹಾರ್ಡ್‌ಡಿಸ್ಕಿನ ಒಳಗೆ ಕನ್ನಡಿಯಂತೆ ಹೊಳೆಯುವ ಒಂದೋ ಎರಡೋ ತಟ್ಟೆಗಳಿರುತ್ತವೆ. ಹೆಚ್ಚು ಸಾಮರ್ಥ್ಯದ ಡಿಸ್ಕಿನಲ್ಲಿ ಇನ್ನೂ ಹೆಚ್ಚು. ತಟ್ಟೆಯ ಮೇಲ್ಮೈಗೆ ಕಾಂತೀಯ ವಸ್ತುವಿನ ಅತಿ ತೆಳುವಾದ ಲೇಪನವಿದ್ದು, ಅದರ ಪುಟ್ಟ ಪುಟ್ಟ ಭಾಗಗಳು ಯಾವ ದಿಕ್ಕಿಗೆ ಕಾಂತವಾಗಿವೆ ಎಂಬುದರಲ್ಲಿಯೇ ನಮ್ಮ ಫೋಟೊ, ಪತ್ರ, ಲೆಕ್ಕ ಎಲ್ಲವೂ ಅಡಗಿದೆ. ಡೆಸ್ಕ್‌ಟಾಪಿನ ಡಿಸ್ಕಿನಲ್ಲಿ ತಟ್ಟೆ ಸಾಮಾನ್ಯವಾಗಿ ನಿಮಿಷಕ್ಕೆ 7,200 ಸುತ್ತು, ಅಂದರೆ ಸೆಕೆಂಡಿಗೆ 120 ಸುತ್ತು ತಿರುಗುತ್ತದೆ; ಲ್ಯಾಪ್‌ಟಾಪಿನ ಡಿಸ್ಕಿನಲ್ಲಿ ಹೆಚ್ಚಾಗಿ 5,400. ಬರೆಯುವ ಮತ್ತು ಓದುವ ಹೆಡ್ ಆ ತಟ್ಟೆಯನ್ನು ಮುಟ್ಟುವುದಿಲ್ಲ. ತಟ್ಟೆಯ ವೇಗದಿಂದ ಹುಟ್ಟುವ ಗಾಳಿಯ ಪದರದ ಮೇಲೆ, ಕೆಲವೇ ನ್ಯಾನೋಮೀಟರುಗಳ ಅಂತರದಲ್ಲಿ ಅದು ತೇಲುತ್ತಿರುತ್ತದೆ. ಒಂದು ನ್ಯಾನೋಮೀಟರ್ ಎಂದರೆ ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಭಾಗ.

ತಿರುಗುತ್ತಿರುವ ಡಿಸ್ಕನ್ನು ಅಲುಗಿಸಬಾರದು, ಕುತೂಹಲಕ್ಕೆಂದು ಅದರ ಮುಚ್ಚಳ ತೆಗೆಯಬಾರದು ಎಂಬ ಎರಡೂ ಎಚ್ಚರಿಕೆಗಳ ಮೂಲ ಈ ಅಂತರದಲ್ಲಿದೆ: ಅಟ್ಟದ ಧೂಳಿನ ಒಂದು ಕಣ ಆ ಅಂತರಕ್ಕಿಂತ ಎಷ್ಟೋ ಪಟ್ಟು ದಪ್ಪ. ಹೆಚ್ಚಿನ ಡಿಸ್ಕುಗಳ ಮುಚ್ಚಳದ ಮೇಲೆ ಒಂದು ಸಣ್ಣ ರಂಧ್ರವಿರುತ್ತದೆ, ಪಕ್ಕದಲ್ಲಿ ಅದನ್ನು ಮುಚ್ಚಬೇಡಿ ಎಂಬ ಸೂಚನೆಯೂ ಇರುತ್ತದೆ. ಒಳಗಿನ ಮತ್ತು ಹೊರಗಿನ ಗಾಳಿಯ ಒತ್ತಡ ಸಮವಾಗಿರಲೆಂದು, ಶೋಧಕವೊಂದನ್ನು ಇಟ್ಟು ಮಾಡಿರುವ ದಾರಿ ಅದು. “2009ರ ಮದುವೆ ಫೋಟೊ” ಎಂದು ಬರೆದ ಲೇಬಲನ್ನು ಸರಿಯಾಗಿ ಅದರ ಮೇಲೆಯೇ ಅಂಟಿಸುವವರು ಬಹಳ ಮಂದಿ.

ಅಗಲ ಅಳೆಯಿರಿ, ಅಂಚು ನೋಡಿ

ಡಾಕ್ ಕೊಳ್ಳುವ ಮೊದಲು ಡಿಸ್ಕ್ ಯಾವ ಜಾತಿಯದೆಂದು ತಿಳಿಯಬೇಕು. ಅದಕ್ಕೆ ಎರಡು ಗುರುತು ಸಾಕು, ಗಾತ್ರ ಮತ್ತು ಕನೆಕ್ಟರ್. ಸುಮಾರು ಹತ್ತು ಸೆಂಟಿಮೀಟರ್ ಅಗಲ, ಹದಿನೈದಕ್ಕೆ ಸ್ವಲ್ಪ ಕಡಿಮೆ ಉದ್ದವಿದ್ದು ಕೈಗೆ ಭಾರವಾಗಿದ್ದರೆ ಅದು ಡೆಸ್ಕ್‌ಟಾಪಿನ 3.5 ಇಂಚಿನ ಡಿಸ್ಕ್. ಏಳು ಸೆಂಟಿಮೀಟರ್ ಅಗಲ, ಹತ್ತು ಸೆಂಟಿಮೀಟರ್ ಉದ್ದವಿದ್ದು ಅಂಗಿಯ ಜೇಬಿಗೆ ಇಳಿಯುವಂತಿದ್ದರೆ ಲ್ಯಾಪ್‌ಟಾಪಿನ 2.5 ಇಂಚಿನದು.

ಈಗ ಕಿರಿದಾದ ಅಂಚನ್ನು ಬೆಳಕಿಗೆ ಹಿಡಿಯಿರಿ. ಅಲ್ಲಿ ಎರಡು ಚಪ್ಪಟೆ ನಾಲಗೆಗಳಿದ್ದು, ಚಿಕ್ಕದರ ಮೇಲೆ 7, ದೊಡ್ಡದರ ಮೇಲೆ 15 ಚಿನ್ನದ ಬಣ್ಣದ ಪಟ್ಟಿಗಳು ಕಂಡರೆ ಅದು ಸಾಟಾ ಡಿಸ್ಕ್. ಚಿಕ್ಕ ನಾಲಗೆ ಮಾಹಿತಿಗೆ, ದೊಡ್ಡದು ವಿದ್ಯುತ್ತಿಗೆ. ಸಾಟಾದ ಮೊದಲ ಮಾನದಂಡ 2003ರದು, 3.5 ಇಂಚು, 2.5 ಇಂಚು ಎರಡಕ್ಕೂ ಇದೇ ಕನೆಕ್ಟರ್ ಇರುವುದರಿಂದ ಒಂದೇ ಡಾಕ್ ಎರಡನ್ನೂ ನಡೆಸಬಲ್ಲದು. ಕಳೆದ ಹದಿನೈದು ವರ್ಷಗಳಲ್ಲಿ ಕೊಂಡ ಡೆಸ್ಕ್‌ಟಾಪಿನ ಡಿಸ್ಕ್ ಬಹುತೇಕ ಇದೇ.

ನಾಲಗೆಗಳ ಬದಲು ಎರಡು ಸಾಲಿನಲ್ಲಿ ಸೂಜಿಯಂಥ ಪಿನ್ನುಗಳಿದ್ದರೆ ಅದು ಹಿಂದಿನ ತಲೆಮಾರಿನ ಐಡಿಇ ಡಿಸ್ಕ್. ಪೇಟಾ ಎಂಬುದೂ ಇದಕ್ಕೇ ಹೆಸರು. 3.5 ಇಂಚಿನದರಲ್ಲಿ 40 ಪಿನ್ನುಗಳ ಬಾಯಿ, ಅದರ ಪಕ್ಕದಲ್ಲಿ ಜಂಪರ್ ಎಂಬ ಪುಟ್ಟ ಟೊಪ್ಪಿ ಹಾಕಿದ ಕೆಲವು ಪಿನ್ನುಗಳು, ಇನ್ನೊಂದು ತುದಿಯಲ್ಲಿ ನಾಲ್ಕು ದಪ್ಪ ಪಿನ್ನುಗಳ ವಿದ್ಯುತ್ ಕನೆಕ್ಟರ್ ಇರುತ್ತವೆ. ಮಧ್ಯದಲ್ಲಿ ಒಂದು ಪಿನ್ ಇಲ್ಲದಿದ್ದರೆ ಅದು ಮುರಿದುಹೋದದ್ದಲ್ಲ. ಕೇಬಲನ್ನು ತಿರುಗುಮುರುಗಾಗಿ ಹಾಕದಿರಲೆಂದು ಬೇಕೆಂದೇ ಬಿಟ್ಟಿರುವ ಜಾಗ. ಲ್ಯಾಪ್‌ಟಾಪಿನ ಐಡಿಇ ಡಿಸ್ಕಿನಲ್ಲಿ ಪಿನ್ನುಗಳು ಇನ್ನೂ ಒತ್ತಾಗಿದ್ದು, ವಿದ್ಯುತ್ತೂ ಅದರಲ್ಲೇ ಹರಿಯುವುದರಿಂದ ಒಟ್ಟು 44 ಪಿನ್ನುಗಳ ಲೆಕ್ಕ.

ಅಂಗಡಿಗಳಲ್ಲಿ ಸಿಗುವ ಹೆಚ್ಚಿನ ಡಾಕುಗಳು ಸಾಟಾಕ್ಕೆ ಮಾತ್ರ. ಐಡಿಇ ಡಿಸ್ಕ್ ಇದ್ದವರು ಎರಡನ್ನೂ ಒಪ್ಪುವ ಡಾಕನ್ನು ಕೇಳಿ ಪಡೆಯಬೇಕು, ಇಲ್ಲವೇ ಒಂದು ಕಡೆ ಯುಎಸ್‌ಬಿ, ಇನ್ನೊಂದು ಕಡೆ ಮೂರೂ ಬಗೆಯ ಬಾಯಿಗಳಿರುವ ಕೇಬಲ್ ಮಾದರಿಯ ಅಡಾಪ್ಟರನ್ನು ಕೊಳ್ಳಬೇಕು. ಒಂದೇ ಒಂದು ಹಳೆಯ ಡಿಸ್ಕಿನ ಕೆಲಸವಾದರೆ ಕೇಬಲ್ ಅಡಾಪ್ಟರೇ ಸಾಕೆಂಬುದು ನನ್ನ ಅಭಿಪ್ರಾಯ. ಸ್ಟುಡಿಯೊದವರಂತೆ ಕಪಾಟಿನ ತುಂಬ ಡಿಸ್ಕ್ ಇಟ್ಟುಕೊಂಡವರಿಗೆ ಡಾಕ್ ಉತ್ತಮ, ಏಕೆಂದರೆ ಅದರಲ್ಲಿ ಡಿಸ್ಕ್ ಭದ್ರವಾಗಿ ನಿಲ್ಲುತ್ತದೆ, ಅಲುಗಾಡುವುದಿಲ್ಲ.

ತಿರುಗುವ ತಟ್ಟೆಯ ಬದಲು ಚಿಪ್ಪುಗಳಲ್ಲೇ ಮಾಹಿತಿ ಇಡುವ, ಚೂಯಿಂಗ್ ಗಮ್ಮಿನ ಪಟ್ಟಿಯಷ್ಟೇ ಇರುವ ಎಂ.2 ಎಸ್‌ಎಸ್‌ಡಿ ಈ ಡಾಕುಗಳಲ್ಲಿ ಕೂರುವುದಿಲ್ಲ; ಅದಕ್ಕೆ ಬೇರೆಯದೇ ಪೆಟ್ಟಿಗೆ ಬೇಕು. ಕಚೇರಿಯ ಸರ್ವರಿನಿಂದ ತೆಗೆದ ಡಿಸ್ಕಿನಲ್ಲಿ ಎರಡು ನಾಲಗೆಗಳ ನಡುವಿನ ಖಾಲಿ ಜಾಗ ತುಂಬಿಹೋಗಿದ್ದರೆ ಅದು ಎಸ್‌ಎಎಸ್ ಎಂಬ ಬೇರೆ ಬಗೆ, ಸಾಟಾ ಡಾಕಿನಲ್ಲಿ ನಡೆಯದು.

ಡಾಕ್ ಮಾಡುವ ಎರಡು ಕೆಲಸ

ಮೊದಲನೆಯ ಕೆಲಸ ಸಂಕೇತದ ಬದಲಾವಣೆ. ಡಿಸ್ಕ್ ಮಾತಾಡುವುದು ಸಾಟಾ ಅಥವಾ ಐಡಿಇ ನಿಯಮದಲ್ಲಿ, ಲ್ಯಾಪ್‌ಟಾಪ್ ಕೇಳಿಸಿಕೊಳ್ಳುವುದು ಯುಎಸ್‌ಬಿ ನಿಯಮದಲ್ಲಿ. ಡಾಕಿನೊಳಗಿನ ಬ್ರಿಜ್ ಚಿಪ್ ಒಂದನ್ನು ಇನ್ನೊಂದಕ್ಕೆ ಬದಲಿಸಿ ಕಳುಹಿಸುತ್ತದೆ. ಕಂಪ್ಯೂಟರಿಗೆ ಅದು ಕೊನೆಗೆ ದೊಡ್ಡದೊಂದು ಪೆನ್‌ಡ್ರೈವ್‌ನಂತೆಯೇ ಕಾಣುವುದರಿಂದ ಬೇರೆ ತಂತ್ರಾಂಶವನ್ನು ಹಾಕಬೇಕಾಗಿಲ್ಲ.

ಎರಡನೆಯದು ವಿದ್ಯುತ್ತು. ಯುಎಸ್‌ಬಿ ಬಾಯಿಯಿಂದ ಸಾಮಾನ್ಯವಾಗಿ ದೊರೆಯುವುದು 5 ವೋಲ್ಟ್, ಯುಎಸ್‌ಬಿ 2.0ರಲ್ಲಿ 500 ಮಿಲಿಆಂಪಿಯರ್, 3.0ರಲ್ಲಿ 900 ಮಿಲಿಆಂಪಿಯರ್‌ವರೆಗೆ. 2.5 ಇಂಚಿನ ಡಿಸ್ಕ್ 5 ವೋಲ್ಟಿನಲ್ಲಿಯೇ ನಡೆಯುತ್ತದೆ. 3.5 ಇಂಚಿನದಕ್ಕೆ ಚಿಪ್ಪುಗಳಿಗಾಗಿ 5 ವೋಲ್ಟ್, ತಟ್ಟೆ ತಿರುಗಿಸುವ ಮೋಟಾರಿಗಾಗಿ 12 ವೋಲ್ಟ್, ಎರಡೂ ಬೇಕು. ನಿಂತ ತಟ್ಟೆ ವೇಗ ಪಡೆಯುವ ಮೊದಲ ಕೆಲವು ಸೆಕೆಂಡುಗಳಲ್ಲಿ ಮೋಟಾರ್ ಸುಮಾರು 2 ಆಂಪಿಯರ್ ಎಳೆಯುವುದೂ ಉಂಟು. ಅದಕ್ಕಾಗಿಯೇ ಡಾಕಿನ ಜೊತೆ ಗೋಡೆಗೆ ಚುಚ್ಚುವ ಅಡಾಪ್ಟರ್ ಬರುತ್ತದೆ. ಆ ಅಡಾಪ್ಟರ್ ಎಲ್ಲೋ ಕಳೆದುಹೋಯಿತೆಂದು ಮನೆಯಲ್ಲಿರುವ ರೌಟರಿನ ಅಡಾಪ್ಟರನ್ನು ಚುಚ್ಚುವವರಿದ್ದಾರೆ. ಪಿನ್ ಹೊಂದಿತೆಂದ ಮಾತ್ರಕ್ಕೆ ವೋಲ್ಟೂ ಆಂಪಿಯರೂ ಹೊಂದುವುದಿಲ್ಲ. ಕಡಿಮೆ ಆಂಪಿಯರಿನ ಅಡಾಪ್ಟರಿನಲ್ಲಿ ಡಿಸ್ಕ್ ತಿರುಗಲು ಶುರುಮಾಡಿ, ನಿಂತು, ಮತ್ತೆ ಶುರುಮಾಡುತ್ತದೆ. ನೋಡುವವರಿಗೆ ಡಿಸ್ಕೇ ಕೆಟ್ಟಿದೆ ಎನ್ನಿಸುತ್ತದೆ.

ಕೊಳ್ಳುವಾಗ ಯುಎಸ್‌ಬಿ 3.0 ಅಥವಾ ಅದಕ್ಕೂ ಈಚಿನ ಡಾಕನ್ನೇ ಕೇಳಬೇಕು. ಯುಎಸ್‌ಬಿ 2.0 ಕಾಗದದ ಮೇಲೆ ಸೆಕೆಂಡಿಗೆ 480 ಮೆಗಾಬಿಟ್ ಆದರೂ ವಾಸ್ತವದಲ್ಲಿ ಸಿಗುವುದು 30 ಮೆಗಾಬೈಟಿನ ಆಸುಪಾಸು. ಆ ವೇಗದಲ್ಲಿ ತುಂಬಿದ 500 ಜಿಬಿ ಡಿಸ್ಕಿನ ನಕಲಿಗೆ ನಾಲ್ಕೂವರೆ ಗಂಟೆಗೂ ಹೆಚ್ಚು ಬೇಕು. 3.0ರಲ್ಲಿ ಡಿಸ್ಕ್ ಸೆಕೆಂಡಿಗೆ 100 ಮೆಗಾಬೈಟ್ ಕೊಟ್ಟರೆ ಅದೇ ಕೆಲಸ ಸುಮಾರು ಒಂದೂವರೆ ಗಂಟೆಯಲ್ಲಿ ಮುಗಿಯುತ್ತದೆ. ಸಾವಿರಾರು ಚಿಕ್ಕ ಫೈಲುಗಳಿದ್ದರೆ ಎರಡೂ ಲೆಕ್ಕ ಮೀರುತ್ತವೆ.

ಜೋಡಿಸುವ ಕ್ರಮ

ಡಾಕನ್ನು ಅಲುಗದ ಮೇಜಿನ ಮೇಲೆ ಇಟ್ಟು, ಅದರ ಸ್ವಿಚ್ ಆರಿಸಿರುವಾಗಲೇ ಡಿಸ್ಕನ್ನು ಕನೆಕ್ಟರ್ ಕೆಳಮುಖವಾಗಿರುವಂತೆ ನೇರವಾಗಿ ಇಳಿಸಬೇಕು. ಓರೆಯಾಗಿ ಒತ್ತಿದರೆ ಸಾಟಾದ ಪ್ಲಾಸ್ಟಿಕ್ ನಾಲಗೆ ಸೀಳುತ್ತದೆ. ಅನಂತರ ಯುಎಸ್‌ಬಿ ಕೇಬಲ್, ವಿದ್ಯುತ್ ಅಡಾಪ್ಟರ್, ಕೊನೆಯಲ್ಲಿ ಸ್ವಿಚ್. ಐಡಿಇ ಡಿಸ್ಕಿಗೆ ಈ ಕ್ರಮವನ್ನು ಇನ್ನೂ ಕಟ್ಟುನಿಟ್ಟಾಗಿ ಪಾಲಿಸಬೇಕು, ಏಕೆಂದರೆ ವಿದ್ಯುತ್ ಹರಿಯುತ್ತಿರುವಾಗ ತೆಗೆದು ಹಾಕುವುದಕ್ಕಾಗಿ ಅದನ್ನು ರೂಪಿಸಿಲ್ಲ. ಅದರ ಜಂಪರನ್ನು ಸಾಮಾನ್ಯವಾಗಿ ಮಾಸ್ಟರ್ ಸ್ಥಾನದಲ್ಲಿ ಇಡಬೇಕು. ಯಾವ ಪಿನ್ನುಗಳ ಮೇಲೆ ಎಂಬ ಚಿತ್ರ ಡಿಸ್ಕಿನ ಲೇಬಲಿನ ಮೇಲೆಯೇ ಮುದ್ರಿತವಾಗಿರುತ್ತದೆ.

ನಕಲು ಮಾಡುತ್ತಿರುವಾಗ ಕರೆಂಟ್ ಹೋದರೆ ಲ್ಯಾಪ್‌ಟಾಪ್ ತನ್ನ ಬ್ಯಾಟರಿಯ ಮೇಲೆ ನಡೆಯುತ್ತಲೇ ಇರುತ್ತದೆ, ಡಾಕ್ ಮಾತ್ರ ಆ ಕ್ಷಣವೇ ಆರಿಹೋಗುತ್ತದೆ. ಪರದೆ ಬೆಳಗುತ್ತಿರುವುದರಿಂದ ನಡುವೆ ಏನಾಯಿತೆಂಬುದು ಎಷ್ಟೋ ಸಲ ಗಮನಕ್ಕೇ ಬರುವುದಿಲ್ಲ. ಹಳೆಯ ಡೆಸ್ಕ್‌ಟಾಪಿನ ಜೊತೆಗಿದ್ದ ಯುಪಿಎಸ್ ಇನ್ನೂ ಗುಜರಿಗೆ ಹೋಗದೆ ಉಳಿದಿದ್ದರೆ, ಅದರ ಬ್ಯಾಟರಿ ಸರಿಯಿದ್ದರೆ, ಡಾಕಿನ ಅಡಾಪ್ಟರನ್ನು ಅದಕ್ಕೆ ಚುಚ್ಚುವುದು ಒಳ್ಳೆಯದು.

ಡಿಸ್ಕ್ ತಿರುಗಿ ಸ್ಥಿರವಾಗಲು ಹತ್ತು ಹದಿನೈದು ಸೆಕೆಂಡು ಬೇಕು. ಆಮೇಲೆ ಪರದೆಯಲ್ಲಿ ಇ, ಎಫ್, ಜಿ ಎಂದು ಎರಡು ಮೂರು ಹೊಸ ಡ್ರೈವುಗಳು ಒಟ್ಟಿಗೆ ಕಾಣಿಸಿದರೆ ಗಾಬರಿ ಬೇಡ. ನಮ್ಮಲ್ಲಿ ಅಂಗಡಿಯವರು ಜೋಡಿಸಿಕೊಡುತ್ತಿದ್ದ ಕಂಪ್ಯೂಟರುಗಳಲ್ಲಿ ಒಂದೇ ಡಿಸ್ಕನ್ನು ಸಿ, ಡಿ, ಇ ಎಂದು ಪಾರ್ಟಿಷನ್ ಮಾಡಿಕೊಡುವುದು ವಾಡಿಕೆಯಾಗಿತ್ತು. ಅವೇ ಈಗ ಹೊಸ ಅಕ್ಷರ ಹೊತ್ತು ಬಂದಿವೆ.

ಹುಡುಕುವ ಜಾಗಗಳೂ ಬದಲಾಗಿರುತ್ತವೆ. ವಿಂಡೋಸ್ ಎಕ್ಸ್‌ಪಿಯ ಕಾಲದ ಡಿಸ್ಕಿನಲ್ಲಿ ಬಳಕೆದಾರರ ಫೈಲುಗಳು ‘ಡಾಕ್ಯುಮೆಂಟ್ಸ್ ಅಂಡ್ ಸೆಟಿಂಗ್ಸ್’ ಎಂಬ ಫೋಲ್ಡರಿನಲ್ಲಿ, ವಿಸ್ತಾದಿಂದ ಈಚೆಗೆ ‘ಯೂಸರ್ಸ್’ ಫೋಲ್ಡರಿನಲ್ಲಿ ಇರುತ್ತವೆ. ಅಂಗಡಿಯ ಟ್ಯಾಲಿ ಲೆಕ್ಕವನ್ನು ಅಲ್ಲಿ ಹುಡುಕಿ ಪ್ರಯೋಜನವಿಲ್ಲ. ಹಳೆಯ ಟ್ಯಾಲಿ ತನ್ನ ಡೇಟಾವನ್ನು ಸಾಮಾನ್ಯವಾಗಿ ತಾನು ಇನ್‌ಸ್ಟಾಲ್ ಆದ ಫೋಲ್ಡರಿನೊಳಗೇ ಇಟ್ಟುಕೊಳ್ಳುತ್ತಿತ್ತು. ಫೋಲ್ಡರ್ ತೆರೆಯಲು ಅನುಮತಿ ಇಲ್ಲ ಎಂಬ ಸಂದೇಶ ಬಂದರೆ ಕೆಡುಕೇನೂ ಆಗಿಲ್ಲ: ಆ ಫೋಲ್ಡರ್ ಹಳೆಯ ಯಂತ್ರದ ಬಳಕೆದಾರನ ಹೆಸರಿನಲ್ಲಿದೆ ಎಂದಷ್ಟೇ ಅರ್ಥ. ಅಡ್ಮಿನಿಸ್ಟ್ರೇಟರ್ ಅಧಿಕಾರವಿರುವ ಖಾತೆಯಿಂದ ‘ಕಂಟಿನ್ಯೂ’ ಒತ್ತಿದರೆ ಹೆಚ್ಚಿನ ಸಲ ತೆರೆದುಕೊಳ್ಳುತ್ತದೆ.

ಡಿಟಿಪಿ ಅಂಗಡಿಯ ಡಿಸ್ಕ್ ಆಗಿದ್ದರೆ ಇನ್ನೊಂದು ಎಚ್ಚರಿಕೆ ಬೇಕು. ಹತ್ತಾರು ಜನರ ಪೆನ್‌ಡ್ರೈವ್ ನುಂಗಿದ ಯಂತ್ರಗಳಲ್ಲಿ ಶಾರ್ಟ್‌ಕಟ್ ವೈರಸ್ ಸಾಮಾನ್ಯವಾಗಿತ್ತು. ಅದು ನಿಜವಾದ ಫೋಲ್ಡರುಗಳನ್ನು ಅಡಗಿಸಿ, ಅದೇ ಹೆಸರಿನ ಶಾರ್ಟ್‌ಕಟ್ಟುಗಳನ್ನು ಮುಂದಿಡುತ್ತದೆ. ಮೊದಲು ಆಂಟಿವೈರಸ್‌ನಿಂದ ಇಡೀ ಡ್ರೈವನ್ನು ಸ್ಕ್ಯಾನ್ ಮಾಡಿಸಿ, ಅಡಗಿಸಿಟ್ಟ ಫೈಲುಗಳನ್ನು ತೋರಿಸುವಂತೆ ಸೆಟಿಂಗ್ ಬದಲಿಸಿಕೊಂಡು, ಆಮೇಲೆ ನೋಡಬೇಕು. ಚಿತ್ರ ಫೋಲ್ಡರಿನದಾದರೂ ವಿಧದ ಜಾಗದಲ್ಲಿ ‘ಅಪ್ಲಿಕೇಶನ್’ ಎಂದಿದ್ದರೆ ಅದನ್ನು ಮುಟ್ಟಬಾರದು.

ಪರದೆ ಕೇಳುವ ಪ್ರಶ್ನೆ

ಕೆಲವು ಸಲ ಡ್ರೈವ್ ತೆರೆಯುವ ಬದಲು, ಈ ಡಿಸ್ಕನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ ಎಂದು ವಿಂಡೋಸ್ ಕೇಳುತ್ತದೆ. ಡಿಸ್ಕ್ ಮ್ಯಾನೇಜ್‌ಮೆಂಟ್ ಪುಟ ತೆರೆದಿದ್ದರೆ ಡಿಸ್ಕನ್ನು ‘ಇನಿಷಿಯಲೈಸ್’ ಮಾಡಿ ಎಂದು ಕೇಳುತ್ತದೆ. ಮಾತಿನ ಧಾಟಿ ಹೇಗಿರುತ್ತದೆಂದರೆ ಒಪ್ಪುವುದೊಂದೇ ದಾರಿ ಎಂದು ತೋರುತ್ತದೆ. ಎರಡಕ್ಕೂ ಉತ್ತರ ‘ಕ್ಯಾನ್ಸಲ್’.

ಯಾಕೆಂದು ತಿಳಿಯಲು ಡಿಸ್ಕಿನಲ್ಲಿ ಫೈಲು ಉಳಿಯುವ ಬಗೆಯನ್ನು ನೋಡಬೇಕು. ಫೈಲಿನ ಒಡಲು ತಟ್ಟೆಯ ಮೇಲೆ ಒಂದೆಡೆ ಇರುತ್ತದೆ. ಯಾವ ಹೆಸರಿನ ಫೈಲು ಎಲ್ಲಿಂದ ಎಲ್ಲಿಯವರೆಗೆ ಇದೆ ಎಂಬ ದಾಖಲೆ ಬೇರೊಂದೆಡೆ ಇರುತ್ತದೆ. ಆ ದಾಖಲೆ ಇಡುವ ಪದ್ಧತಿಗೆ ಫೈಲ್ ಸಿಸ್ಟಂ ಎನ್ನುತ್ತಾರೆ. ಜಮೀನು ಮತ್ತು ಪಹಣಿಯ ಸಂಬಂಧ ಇದ್ದಂತೆಯೇ ಇದು. ಪಹಣಿಯ ಪುಟ ಗೆದ್ದಲು ಹಿಡಿದರೂ ಗದ್ದೆ ನಾಲೆಯ ಪಕ್ಕದಲ್ಲಿ ಇದ್ದ ಹಾಗೆಯೇ ಇರುತ್ತದೆ, ಆದರೆ ಯಾವ ಸರ್ವೆ ನಂಬರ್ ಯಾರದೆಂದು ಕಚೇರಿಯಲ್ಲಿ ಹೇಳಲಾಗುವುದಿಲ್ಲ. ಫಾರ್ಮ್ಯಾಟ್ ಒತ್ತುವುದೆಂದರೆ ಈ ಜಮೀನು ಯಾರದೂ ಅಲ್ಲ ಎಂದು ಹೊಸ ಪಹಣಿ ಬರೆದು ಮೊಹರು ಹಾಕಿದಂತೆ. ಅದಾದ ಮೇಲೆ ಹೊಸ ಫೈಲು ತುಂಬಿದರೆ ಬೇರೆಯವರು ಬಂದು ಉತ್ತು ಬಿತ್ತಿದಂತೆ, ಹಳೆಯ ಬೆಳೆಯ ಗುರುತೂ ಸಿಗದು. ಕ್ವಿಕ್ ಫಾರ್ಮ್ಯಾಟ್ ಆದ ಕೂಡಲೇ ನಿಲ್ಲಿಸಿದರೆ ಡೇಟಾ ರಿಕವರಿ ತಂತ್ರಾಂಶ ಬಹಳಷ್ಟನ್ನು ಎತ್ತಿಕೊಡಬಲ್ಲದು. ಪೂರ್ಣ ಫಾರ್ಮ್ಯಾಟ್ ವಿಸ್ತಾದಿಂದ ಈಚೆಗೆ ಇಡೀ ಜಾಗಕ್ಕೆ ಸೊನ್ನೆಗಳನ್ನು ಬರೆಯುವುದರಿಂದ ಆ ದಾರಿಯೂ ಮುಚ್ಚುತ್ತದೆ.

ವಿಂಡೋಸ್ ಹೀಗೆ ಕೇಳಿದರೆ ಡಿಸ್ಕ್ ಕೆಟ್ಟಿದೆ ಎಂದೇ ಅರ್ಥವಲ್ಲ. ತನಗೆ ಓದಲು ಬಾರದ ಯಾವ ಪದ್ಧತಿಯ ದಾಖಲೆಯನ್ನು ಕಂಡರೂ ಅದು ಇದನ್ನೇ ಕೇಳುತ್ತದೆ. ಸಿಸಿಟಿವಿ ಡಿವಿಆರ್‌ನಿಂದ ತೆಗೆದ ಡಿಸ್ಕ್, ವಿಂಡೋಸ್ ಬದಲು ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆ ಇರುವ ಯಂತ್ರದ ಡಿಸ್ಕ್, ಆ್ಯಪಲ್ ಮ್ಯಾಕಿನ ಡಿಸ್ಕ್ ಇವೆಲ್ಲ ತಮ್ಮ ಯಂತ್ರದಲ್ಲಿ ಸರಿಯಾಗಿಯೇ ಇದ್ದರೂ ವಿಂಡೋಸಿನ ಕಣ್ಣಿಗೆ ಖಾಲಿ. ಲಿನಕ್ಸ್ ಡಿಸ್ಕನ್ನು ಪೆನ್‌ಡ್ರೈವಿನಿಂದ ಲಿನಕ್ಸ್ ನಡೆಸಿ ಓದಬಹುದು, ಡಿವಿಆರ್ ಡಿಸ್ಕನ್ನು ಮರಳಿ ಆ ಡಿವಿಆರ್‌ಗೇ ಹಾಕಿ ನೋಡುವುದು ಸುಲಭ. ಈಚಿನ ಲ್ಯಾಪ್‌ಟಾಪಿನ ಡಿಸ್ಕಾದರೆ ಡೇಟಾವನ್ನು ಗೂಢಲಿಪಿಗೆ ಬದಲಿಸುವ, ವಿಂಡೋಸಿನದೇ ಆದ ಬಿಟ್‌ಲಾಕರ್ ಬೀಗ ಬಿದ್ದಿರಬಹುದು. ಅದು 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಆ ಯಂತ್ರದಲ್ಲಿ ಬಳಸಿದ ಮೈಕ್ರೋಸಾಫ್ಟ್ ಖಾತೆಯೊಳಗೆ ಕೀ ಉಳಿದಿರುವ ಸಾಧ್ಯತೆ ಹೆಚ್ಚು. ಕಂಪನಿಗಳು ಸಿದ್ಧವಾಗಿ ಮಾರುವ ಕೆಲವು ಎಕ್ಸ್‌ಟರ್ನಲ್ ಡಿಸ್ಕುಗಳು ತಮ್ಮ ಪೆಟ್ಟಿಗೆಯ ಸರ್ಕ್ಯೂಟಿನಲ್ಲಿಯೇ ಡೇಟಾವನ್ನು ಗೂಢಲಿಪಿಗೆ ಬದಲಿಸುತ್ತವೆ. ಪೆಟ್ಟಿಗೆ ಒಡೆದು ಡಿಸ್ಕನ್ನಷ್ಟೇ ಡಾಕಿಗೆ ಹಾಕಿದರೆ ಏನೂ ಕಾಣದು.

ದೋಷ ಸರಿಪಡಿಸಲೇ ಎಂದು ಕೇಳುವ, ಚೆಕ್‌ಡಿಸ್ಕ್ ಎಂಬ ವಿಂಡೋಸಿನ ಸಾಧನವನ್ನು ಕೂಡ ನಕಲು ಆಗುವ ತನಕ ಓಡಿಸಬಾರದು. ಅದು ಸರಿಪಡಿಸುವುದು ದಾಖಲೆಯನ್ನು, ನಿಮ್ಮ ಫೈಲುಗಳನ್ನಲ್ಲ. ದಾಖಲೆ ಸರಿಹೊಂದಲೆಂದು ಫೈಲನ್ನು ತುಂಡು ಮಾಡಿ ಎತ್ತಿಡಲೂ ಹಿಂಜರಿಯುವುದಿಲ್ಲ.

ಕ್ಲೋನ್ ಗುಂಡಿ

ಎರಡು ಡಿಸ್ಕ್ ಹಿಡಿಯುವ ಡಾಕುಗಳಲ್ಲಿ ಕ್ಲೋನ್ ಎಂಬ ಗುಂಡಿ ಇರುವುದುಂಟು. ಕಂಪ್ಯೂಟರಿನ ನೆರವಿಲ್ಲದೆ ಒಂದು ಡಿಸ್ಕನ್ನು ಇನ್ನೊಂದಕ್ಕೆ ಮೊದಲಿನಿಂದ ಕೊನೆಯವರೆಗೆ ಅಚ್ಚು ಹಾಕುವ ಸೌಲಭ್ಯ ಅದು. ಮೂಲ ಯಾವ ಸ್ಲಾಟಿನಲ್ಲಿ, ನಕಲು ಯಾವುದರಲ್ಲಿ ಎಂಬುದು ಡಾಕಿನ ಮೇಲೆ ಸಣ್ಣಕ್ಷರದಲ್ಲಿ ಬರೆದಿರುತ್ತದೆ, ಒಂದು ತಯಾರಿಕೆಯಲ್ಲಿ ಇದ್ದಂತೆ ಇನ್ನೊಂದರಲ್ಲಿ ಇರುವುದಿಲ್ಲ. ಅದಲುಬದಲಾದರೆ ಖಾಲಿ ಡಿಸ್ಕ್ ತುಂಬಿದ ಡಿಸ್ಕಿನ ಮೇಲೆ ಅಚ್ಚಾಗುತ್ತದೆ, ಯಾವ ಎಚ್ಚರಿಕೆಯೂ ಪರದೆಯ ಮೇಲೆ ಬರುವುದಿಲ್ಲ. ಮನೆಯ ಒಂದೆರಡು ಡಿಸ್ಕುಗಳಿಗಾಗಿ ಡಾಕ್ ಕೊಳ್ಳುವವರು ಈ ಗುಂಡಿಯೇ ಇಲ್ಲದ, ಒಂದೇ ಸ್ಲಾಟಿನ ಡಾಕನ್ನು ಆರಿಸುವುದು ಲೇಸು.

ಡಿಸ್ಕಿನ ಸದ್ದು

ಮೃದುವಾಗಿ ಏರಿ ನಿಲ್ಲುವ ಗುಯ್ ಸದ್ದು, ಓದುವಾಗ ಕೇಳುವ ಕಿರಿಕಿರಿ, ಇವು ಸಹಜ. ಸಮ ಅಂತರದಲ್ಲಿ ಟಕ್, ಟಕ್, ಟಕ್ ಎಂದು ಬಡಿಯುತ್ತಿದ್ದರೆ ಹೆಡ್ ತನ್ನ ಜಾಗ ಹುಡುಕಲಾರದೆ ಮತ್ತೆ ಮತ್ತೆ ಹಿಂದಿರುಗುತ್ತಿದೆ ಎಂದರ್ಥ. ಆಗ ಸ್ವಿಚ್ ಆರಿಸಬೇಕು, ಇನ್ನೊಂದು ಸಲ ನೋಡೋಣ ಎಂದು ಹಚ್ಚಬಾರದು. ಪ್ರತಿ ಸಲ ಹಚ್ಚಿದಾಗಲೂ ಹೆಡ್ ತಟ್ಟೆಯ ಲೇಪನವನ್ನು ಕೆರೆಯುವ ಅಪಾಯವಿದ್ದು, ಕೆರೆದುಹೋದ ಜಾಗದ ಮಾಹಿತಿಯನ್ನು ಯಾರೂ ಮರಳಿಸಲಾರರು. ಫ್ರೀಜರಿನಲ್ಲಿ ಇಟ್ಟು ತೆಗೆದರೆ ಓಡುತ್ತದೆ ಎಂಬ ಸಲಹೆಯೂ ಚಾಲ್ತಿಯಲ್ಲಿದೆ. ಹೊರಗೆ ತೆಗೆದಾಗ ಒಳಗೆ ತೇವ ಕಟ್ಟುವುದೇ ಅದರ ಫಲ. ಬೆಲೆಬಾಳುವ ಡೇಟಾ ಇದ್ದರೆ ಧೂಳುರಹಿತ ಕೋಣೆಯಲ್ಲಿ ಡಿಸ್ಕ್ ತೆರೆಯುವ ರಿಕವರಿ ಸಂಸ್ಥೆಗೆ ಕೊಡುವುದೊಂದೇ ದಾರಿ.

ಸದ್ದಿಲ್ಲದೆ ಕೆಡುತ್ತಿರುವ ಡಿಸ್ಕುಗಳೂ ಇವೆ. ಡಿಸ್ಕ್ ತನ್ನ ಆರೋಗ್ಯದ ಲೆಕ್ಕವನ್ನು ಸ್ಮಾರ್ಟ್ ಎಂಬ ಪಟ್ಟಿಯಲ್ಲಿ ತಾನೇ ಬರೆದಿಡುತ್ತದೆ, ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶ ಅದನ್ನು ಬಹುತೇಕ ಡಾಕುಗಳ ಮೂಲಕವೂ ಓದುತ್ತದೆ. ಓದಲಾಗದೆ ಬಾಕಿ ಉಳಿದ ಸೆಕ್ಟರುಗಳ (ತಟ್ಟೆಯ ಪುಟ್ಟ ಪುಟ್ಟ ತುಣುಕುಗಳ) ಸಂಖ್ಯೆ ಸೊನ್ನೆಗಿಂತ ಹೆಚ್ಚಿದ್ದರೆ ತಡಮಾಡದೆ, ಬೇಕೇಬೇಕಾದ ಫೋಲ್ಡರುಗಳಿಂದಲೇ ನಕಲು ಆರಂಭಿಸಬೇಕು. ಇಂಥ ಡಿಸ್ಕಿಗೆ ಲಿನಕ್ಸಿನ ಡಿಡಿರೆಸ್ಕ್ಯೂ ಎಂಬ ನಕಲು ತಂತ್ರಾಂಶ ಹೆಚ್ಚು ಸೂಕ್ತ: ಅದು ಸುಲಭವಾಗಿ ಓದಲಾಗುವ ಭಾಗಗಳನ್ನು ಮೊದಲು ಎತ್ತಿಕೊಂಡು, ಮೊಂಡು ಹಿಡಿದ ಜಾಗಗಳಿಗೆ ಕೊನೆಯಲ್ಲಿ ಮರಳುತ್ತದೆ. ಸಾಮಾನ್ಯ ಕಾಪಿ ಪೇಸ್ಟ್ ಮೊದಲ ಕೆಟ್ಟ ಜಾಗದಲ್ಲೇ ಜಗ್ಗಾಡುತ್ತಾ ಕೂರುತ್ತದೆ.

ಫೈಲು ಸಿಕ್ಕಿತು, ಕನ್ನಡ ಸಿಗಲಿಲ್ಲ

ಫೋಟೊಗಳಿಗೆ ಈ ತೊಂದರೆಯಿಲ್ಲ. ಇಪ್ಪತ್ತು ವರ್ಷದ ಹಿಂದಿನ ಜೆಪೆಗ್ ಫೈಲು ಇಂದೂ ತೆರೆಯುತ್ತದೆ. ಕನ್ನಡದಲ್ಲಿ ಟೈಪ್ ಮಾಡಿದ ಪತ್ರ, ಕರಾರು, ಪುಸ್ತಕದ ಕರಡು, ಲಗ್ನಪತ್ರಿಕೆಗಳ ವಿಷಯ ಬೇರೆ. ಫೈಲು ಪೂರ್ತಿ ನಕಲಾಗಿರುತ್ತದೆ, ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳು. ಡಿಸ್ಕ್ ಕೆಟ್ಟಿತೆಂದು ಕೈಚೆಲ್ಲುವವರು ಇಲ್ಲಿಯೇ ಹೆಚ್ಚು, ವಾಸ್ತವದಲ್ಲಿ ಒಂದು ಅಕ್ಷರವೂ ಕೆಟ್ಟಿರುವುದಿಲ್ಲ.

ಎಲ್ಲ ಭಾಷೆಗಳ ಅಕ್ಷರಗಳಿಗೂ ತಮ್ಮದೇ ಸಂಖ್ಯೆ ಕೊಡುವ ಯೂನಿಕೋಡ್ ಪದ್ಧತಿ ಎಲ್ಲೆಡೆ ಬರುವ ಮೊದಲು ನುಡಿ, ಬರಹ, ಶ್ರೀಲಿಪಿ, ಆಕೃತಿ ಮುಂತಾದ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಕೇತ ಸಂಖ್ಯೆಗಳನ್ನೇ ಬಳಸಿ, ಆ ಜಾಗದಲ್ಲಿ ಕನ್ನಡ ಅಕ್ಷರದ ತುಂಡುಗಳನ್ನು ಬರೆದ ಫಾಂಟುಗಳನ್ನು ಕೊಡುತ್ತಿದ್ದವು. ಇವನ್ನು ಬಾಯಿಮಾತಿನಲ್ಲಿ ಆಸ್ಕಿ ಫಾಂಟ್ ಎನ್ನುತ್ತಾರೆ. ನುಡಿಯಲ್ಲಿ ‘ಕನ್ನಡ’ ಎಂದು ಟೈಪ್ ಮಾಡಿ ಉಳಿಸಿದ ಪದ, ಆ ಫಾಂಟ್ ಇಲ್ಲದ ಯಂತ್ರದಲ್ಲಿ, ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಓರೆಗೆರೆ ಹೊತ್ತ ಎ, ಬ್ರಿಟಿಷ್ ಪೌಂಡಿನ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ ಭಾಷೆಯ ಒಂದು ಅಕ್ಷರ, ಸಣ್ಣ ಕ್ಯೂ, ಕೊನೆಗೆ ಇನ್ನೊಮ್ಮೆ ಅದೇ ಎ ಆಗಿ ಕಾಣುತ್ತದೆ. ಪೌಂಡಿನ ಚಿಹ್ನೆ ಪುಟದ ತುಂಬ ಚೆಲ್ಲಾಡಿದ್ದರೆ ಅದು ನುಡಿ ಅಥವಾ ಬರಹದ ಫೈಲೆಂದು ಹೆಚ್ಚುಕಡಿಮೆ ಖಚಿತವಾಗಿ ಹೇಳಬಹುದು. ಆ ಚಿಹ್ನೆ ನಿಂತಿರುವುದು ‘ನ’ಕಾರದ ಜಾಗದಲ್ಲಿ.

ಪರಿಹಾರ ಅದೇ ಡಿಸ್ಕಿನಲ್ಲಿದೆ. ಹಳೆಯ ವಿಂಡೋಸ್ ಫೋಲ್ಡರಿನೊಳಗಿನ ‘ಫಾಂಟ್ಸ್’ ಫೋಲ್ಡರಿನಲ್ಲಿ ಆ ಯಂತ್ರದಲ್ಲಿ ಬಳಸಿದ ಫಾಂಟುಗಳೆಲ್ಲ ಇರುತ್ತವೆ. ಅವನ್ನು ನಕಲು ಮಾಡಿಕೊಂಡು ಹೊಸ ಯಂತ್ರದಲ್ಲಿ ಇನ್‌ಸ್ಟಾಲ್ ಮಾಡಿದರೆ ಪತ್ರಗಳು ಮೊದಲಿನಂತೆಯೇ ಕಾಣುತ್ತವೆ. ಹಾಗಾಗಿ ಫೋಟೊ ಮತ್ತು ಡಾಕ್ಯುಮೆಂಟುಗಳನ್ನಷ್ಟೇ ಎತ್ತಿಕೊಂಡು ಡಿಸ್ಕನ್ನು ಬಿಸಾಡುವುದು ತಪ್ಪು. ಮೈಸೂರಿನಂಥ ಊರಿನ ಡಿಟಿಪಿ ಡಿಸ್ಕುಗಳಲ್ಲಿ ಫಾಂಟುಗಳ ಫೋಲ್ಡರಿಗೆ ಫೈಲುಗಳಷ್ಟೇ ಬೆಲೆಯಿದೆ.

ಹುಡುಕಲು, ಮೊಬೈಲಿನಲ್ಲಿ ಓದಲು, ವಾಟ್ಸ್ಆ್ಯಪಿನಲ್ಲಿ ಕಳುಹಿಸಲು ಪಠ್ಯವನ್ನು ಯೂನಿಕೋಡಿಗೆ ಬದಲಿಸಬೇಕು. ಇದಕ್ಕೆ ಬರಹ, ನುಡಿ ತಂತ್ರಾಂಶಗಳಲ್ಲಿಯೇ ಪರಿವರ್ತಕಗಳಿವೆ. ಶ್ರೀಲಿಪಿಯ ಸಂಖ್ಯೆಗಳೇ ಬೇರೆ, ನುಡಿಯವೇ ಬೇರೆ ಆದ್ದರಿಂದ ಮೂಲ ಯಾವುದೆಂದು ಸರಿಯಾಗಿ ಆರಿಸಬೇಕು. ಪರಿವರ್ತನೆಯಾದ ಪುಟದಲ್ಲಿ ಅರ್ಕಾವತ್ತಿನ ಪದಗಳನ್ನು ವಿಶೇಷವಾಗಿ ನೋಡಬೇಕು: ‘ಸೂರ್ಯ’, ‘ಧರ್ಮ’ದಂಥ ಪದಗಳಲ್ಲಿ ಹಳೆಯ ಫಾಂಟುಗಳು ಅರ್ಕಾವತ್ತನ್ನು ಕಣ್ಣಿಗೆ ಕಾಣುವಂತೆ ಅಕ್ಷರದ ನಂತರ ಉಳಿಸುತ್ತವೆ, ಯೂನಿಕೋಡ್ ಉಚ್ಚಾರದಂತೆ ‘ರ’ಕಾರವನ್ನು ಮೊದಲು ಇಡುತ್ತದೆ. ಈ ಸ್ಥಾನಪಲ್ಲಟದಲ್ಲಿಯೇ ಪರಿವರ್ತಕಗಳು ಎಡವುವುದು.

ಪುಟವಿನ್ಯಾಸದ ಹಳೆಯ ತಂತ್ರಾಂಶವಾದ ಪೇಜ್‌ಮೇಕರ್‌ನಲ್ಲಿ ಕಟ್ಟಿದ ಪುಟಗಳು ಎಲ್ಲಕ್ಕಿಂತ ಕಷ್ಟದವು. ಆ ತಂತ್ರಾಂಶದ ಕೊನೆಯ ಆವೃತ್ತಿ 7.0, ಅದು 2001ರದು. ಅದರ ಫೈಲುಗಳನ್ನು, ಅದರ ಜಾಗಕ್ಕೆ ಬಂದ ಇನ್‌ಡಿಸೈನ್ ತಂತ್ರಾಂಶದ ಸಿಎಸ್6ರವರೆಗಿನ ಆವೃತ್ತಿಗಳು ತೆರೆಯುತ್ತಿದ್ದವು, ಈಚಿನವು ತೆರೆಯುವುದಿಲ್ಲ. ಹಳೆಯ ಯಂತ್ರ ಇನ್ನೂ ಉಸಿರಾಡುತ್ತಿದ್ದರೆ ಡಿಸ್ಕನ್ನು ಬಿಚ್ಚುವ ಮೊದಲೇ, ಅದರಲ್ಲಿಯೇ ಪೇಜ್‌ಮೇಕರ್ ತೆರೆದು, ಬೇಕಾದ ಪುಟಗಳನ್ನು ಪಿಡಿಎಫ್ ಮಾಡಿಕೊಳ್ಳುವುದೇ ಜಾಣತನ.

ನಕಲಾದ ಮೇಲೆ

ನಕಲು ಮುಗಿದ ಕೂಡಲೇ ಡಿಸ್ಕನ್ನು ಎತ್ತಬಾರದು. ‘ಸೇಫ್ಲಿ ರಿಮೂವ್’ ಕೊಟ್ಟು, ಡಾಕಿನ ಸ್ವಿಚ್ ಆರಿಸಿ, ತಟ್ಟೆ ಪೂರ್ತಿ ನಿಲ್ಲುವವರೆಗೆ ಅರ್ಧ ನಿಮಿಷ ಕಾಯಬೇಕು. ಮೂಲದ ಮತ್ತು ನಕಲಿನ ಫೋಲ್ಡರುಗಳ ಗಾತ್ರವನ್ನೂ ಫೈಲುಗಳ ಸಂಖ್ಯೆಯನ್ನೂ ಹೋಲಿಸಿ, ಅಲ್ಲಲ್ಲಿ ಕೆಲವು ಫೈಲುಗಳನ್ನು ತೆರೆದು ನೋಡಿದ ಮೇಲೆಯೇ ಕೆಲಸ ಆಯಿತೆನ್ನಬಹುದು. ಆ ನಕಲು ಲ್ಯಾಪ್‌ಟಾಪಿನಲ್ಲಿ ಮಾತ್ರ ಇದ್ದರೆ ಸಾಲದು, ಇನ್ನೊಂದು ಪ್ರತಿ ಬೇರೆಡೆ ಇರಲಿ.

ಹಳೆಯ ಡಿಸ್ಕನ್ನು ಗುಜರಿಗೆ ಹಾಕುವುದಾದರೆ ಅದರಲ್ಲಿ ಆಧಾರ್ ಪ್ರತಿ, ಬ್ಯಾಂಕ್ ಪಾಸ್‌ಬುಕ್ಕಿನ ಸ್ಕ್ಯಾನ್, ಗಿರಾಕಿಗಳ ದಾಖಲೆಗಳು ಇರಬಹುದೆಂಬುದನ್ನು ಮರೆಯಬಾರದು. ಕ್ವಿಕ್ ಫಾರ್ಮ್ಯಾಟ್ ಮಾಡಿದರೂ ಅವು ಅಳಿಯುವುದಿಲ್ಲವೆಂದು ಮೇಲೆಯೇ ನೋಡಿದೆವು, ಡಿಲೀಟ್ ಮಾಡಿದರೂ ಅಷ್ಟೇ. ಅದೇ ಡಾಕಿನಲ್ಲಿ ಪ್ರತಿಯೊಂದು ಪಾರ್ಟಿಷನ್ನಿಗೂ ‘ಕ್ವಿಕ್’ ಎಂಬ ಗುರುತನ್ನು ತೆಗೆದು ಪೂರ್ಣ ಫಾರ್ಮ್ಯಾಟ್ ಕೊಡಬೇಕು. ದೊಡ್ಡ ಡಿಸ್ಕಿಗೆ ಇದು ಗಂಟೆಗಟ್ಟಲೆ ಹಿಡಿಯುತ್ತದೆ. ತಿರುಗದೇ ಹೋದ ಡಿಸ್ಕಿಗೆ ಈ ದಾರಿಯಿಲ್ಲ, ತಟ್ಟೆಯನ್ನೇ ಹಾಳುಮಾಡಬೇಕಾಗುತ್ತದೆ. ಡ್ರಿಲ್ ಹಿಡಿಯುವ ಮೊದಲು ಡಿಸ್ಕಿನ ಗಾತ್ರ ನೋಡಿಕೊಳ್ಳಿ: 3.5 ಇಂಚಿನದರಲ್ಲಿ ತಟ್ಟೆ ಸಾಮಾನ್ಯವಾಗಿ ಅಲ್ಯೂಮಿನಿಯಮ್ಮಿನದು, 2.5 ಇಂಚಿನದರಲ್ಲಿ ಹೆಚ್ಚಾಗಿ ಗಾಜಿನದು. ಗಾಜು ಚೂರಾಗಿ ಸಿಡಿಯುವುದರಿಂದ ಡಿಸ್ಕನ್ನು ತೆರೆಯದೆ, ದಪ್ಪ ಬಟ್ಟೆಯಲ್ಲಿ ಸುತ್ತಿ, ಕಣ್ಣಿಗೆ ಕನ್ನಡಕ ಹಾಕಿಕೊಂಡು ಸುತ್ತಿಗೆಯಿಂದ ಬಡಿಯಬೇಕು.